ಅರಳು, ಶೇಂಗಾ, ಬೆಲ್ಲ: ಗಡಿನಾಡಿನ ಒಲೆಯ ಮೇಲೆ ಗ್ರನೋಲಾ

ಪುಣೆಗೋ ಹೈದರಾಬಾದಿಗೋ ನೌಕರಿಗೆ ಹೋದ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಈಚೆಗೆ ಒಂದು ಹೊಸ ಪ್ಯಾಕೆಟ್ಟು ಜೊತೆಗೆ ತರುತ್ತಾರೆ. ಓಟ್ಸ್, ಬಾದಾಮಿ, ಒಣದ್ರಾಕ್ಷಿ, ಜೇನು ಸೇರಿಸಿ ಗರಿಗರಿಯಾಗಿ ಹುರಿದ ತಿನಿಸು ಅದು, ಹೆಸರು ಗ್ರನೋಲಾ. ಹಾಲಿಗೋ ಮೊಸರಿಗೋ ಒಂದು ಹಿಡಿ ಹಾಕಿಕೊಂಡರೆ ಬೆಳಗಿನ ನಾಷ್ಟಾ ಆಯಿತು. ಮಹಾರಾಷ್ಟ್ರದ ಗಡಿಭಾಗದ ನಿಲಂಗಾ, ಉಮರ್ಗಾ, ಉದಗೀರದ ಕನ್ನಡ ಮನೆಗಳಲ್ಲಿ ಅದನ್ನು ಬಾಯಿಗೆ ಹಾಕಿಕೊಂಡ ಹಿರಿಯರಿಗೆ ಹೆಸರಷ್ಟೇ ಹೊಸದು. ಹುರಿದ ಧಾನ್ಯ, ಬೆಲ್ಲದ ಲೇಪ, ನಡುವೆ ಸಿಗುವ ಶೇಂಗಾ ಮತ್ತು ಒಣಹಣ್ಣು ಇವೆಲ್ಲ ನಾಗರಪಂಚಮಿಯ ಉಂಡಿಯಲ್ಲಿ, ಸಂಕ್ರಾಂತಿಯ ಎಳ್ಳಿನಲ್ಲಿ, ಬಾಣಂತಿಗೆ ಕಟ್ಟುವ ಅಂಟಿನ ಉಂಡಿಯಲ್ಲಿ ಅವರು ತಿಂದು ಬೆಳೆದವೇ.

ಆದ್ದರಿಂದ ಗ್ರನೋಲಾವನ್ನು ಪೇಟೆಯಿಂದ ಕೊಂಡು ತರುವ ಅಗತ್ಯ ಈ ಭಾಗದ ಮನೆಗಳಿಗೆ ಖಂಡಿತ ಇಲ್ಲ. ಅದಕ್ಕೆ ಬೇಕಾದ ಕೈಗುಣ ಇಲ್ಲಿನ ಅಡುಗೆಮನೆಯಲ್ಲಿ ಆಗಲೇ ಇದೆ. ಸಾಮಾನಿನ ಮುಕ್ಕಾಲು ಪಾಲು ಸುತ್ತಲಿನ ಎರೆಹೊಲದಲ್ಲೇ ಬೆಳೆಯುತ್ತದೆ. ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಸೂತ್ರ ಒಂದೇ: ಕಾಳಿನೊಳಗಿನ ನೀರನ್ನು ಪೂರ್ತಿ ಹೊರಹಾಕಬೇಕು, ಹೋದ ನೀರು ತಿರುಗಿ ಒಳಗೆ ಬರದಂತೆ ಕಾಯಬೇಕು.

ಚಿಕಿತ್ಸಾಲಯದಲ್ಲಿ ಹುಟ್ಟಿದ ತಿನಿಸು

ಗ್ರನೋಲಾ ಹುಟ್ಟಿದ್ದು ರೋಗಿಗಳ ಊಟವಾಗಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್‌ ಎಂಬಲ್ಲಿ ಜಲಚಿಕಿತ್ಸೆಯ ಆಸ್ಪತ್ರೆ ನಡೆಸುತ್ತಿದ್ದ ಜೇಮ್ಸ್ ಕೇಲಬ್ ಜಾಕ್ಸನ್ 1863ರಲ್ಲಿ ತವುಡು ತೆಗೆಯದ ಗೋಧಿಹಿಟ್ಟನ್ನು ನಾದಿ, ಹಾಳೆಯಂತೆ ಬೇಯಿಸಿ, ಒಡೆದು, ಮತ್ತೆ ಬೇಯಿಸಿ ಒಂದು ತಿನಿಸು ಮಾಡಿದರು. ಅದಕ್ಕೆ ಗ್ರಾನ್ಯುಲಾ ಎಂದು ಹೆಸರಿಟ್ಟರು. ಅದು ಎಷ್ಟು ಗಟ್ಟಿಯೆಂದರೆ ರಾತ್ರಿಯಿಡೀ ಹಾಲಿನಲ್ಲಿ ನೆನೆಸದೆ ತಿನ್ನುವಂತಿರಲಿಲ್ಲ. ಮಿಶಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಆರೋಗ್ಯಧಾಮದ ಹೊಣೆಯನ್ನು 1876ರಲ್ಲಿ ವಹಿಸಿಕೊಂಡ ಜಾನ್ ಹಾರ್ವಿ ಕೆಲ್ಲಾಗ್ ಗೋಧಿ, ಓಟ್ಸ್, ಮೆಕ್ಕೆಜೋಳ ಸೇರಿಸಿ ಅದೇ ಬಗೆಯ ತಿನಿಸು ತಯಾರಿಸಿದರು. ಅವರೂ ಅದೇ ಹೆಸರು ಬಳಸಿದಾಗ ಜಾಕ್ಸನ್ ಕಡೆಯಿಂದ ತಕರಾರು ಬಂತು. ಹೆಸರು ಗ್ರನೋಲಾ ಎಂದು ಬದಲಾದದ್ದು ಆಗ.

ಇಂದು ನಾವು ಕಾಣುವ ರೂಪ ಬಂದದ್ದು ಒಂದು ಶತಮಾನದ ನಂತರ. 1960 ಮತ್ತು 70ರ ದಶಕಗಳಲ್ಲಿ ಅಮೆರಿಕದ ಯುವಜನ ಕಾರ್ಖಾನೆಯ ಆಹಾರಕ್ಕೆ ಬೆನ್ನು ತಿರುಗಿಸಿ ತಮ್ಮ ಮನೆಗಳಲ್ಲೇ ಓಟ್ಸಿಗೆ ಎಣ್ಣೆ, ಜೇನು, ಬಾದಾಮಿ, ಎಳ್ಳು, ಒಣಹಣ್ಣು ಬೆರೆಸಿ ಹುರಿಯತೊಡಗಿದರು. ಸ್ವಿಟ್ಜರ್ಲೆಂಡಿನ ಝೂರಿಕ್‌ನಲ್ಲಿ ವೈದ್ಯ ಬಿರ್ಶರ್-ಬೆನ್ನರ್ 1900ರ ಸುಮಾರಿಗೆ ಬಳಕೆಗೆ ತಂದ ಮ್ಯೂಸ್ಲಿ ಇದರ ದಾಯಾದಿ. ಮ್ಯೂಸ್ಲಿಯನ್ನು ಹುರಿಯುವುದಿಲ್ಲ, ನೆನೆಸಿ ತಿನ್ನುತ್ತಾರೆ. ಗ್ರನೋಲಾವನ್ನು ಸಿಹಿ ಮತ್ತು ಎಣ್ಣೆ ಸವರಿ ಹುರಿದೇ ತಿನ್ನಬೇಕು. ಗರಿಗರಿತನವೇ ಅದರ ಪ್ರಾಣ.

ಎರೆಭೂಮಿಯ ಉಗ್ರಾಣ

ನಿಲಂಗಾ ಮತ್ತು ಉದಗೀರ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಆಮೇಲೆ ಉಸ್ಮಾನಾಬಾದಿಗೆ ಸೇರಿ, 1982ರಲ್ಲಿ ಲಾತೂರ್ ಜಿಲ್ಲೆಯಾದಾಗ ಅದರ ಪಾಲಾದವು. ಉಮರ್ಗಾ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯಲ್ಲೇ ಉಳಿಯಿತು. ಉದಗೀರದಿಂದ ರೈಲು ಹತ್ತಿದರೆ ಭಾಲ್ಕಿ, ಬೀದರ. ಉಮರ್ಗಾದಿಂದ ಹೈದರಾಬಾದ್ ಹೆದ್ದಾರಿ ಹಿಡಿದರೆ ಬಸವಕಲ್ಯಾಣ, ಹುಮನಾಬಾದ್ ಕಡೆಯ ದಾರಿ. ನಕಾಶೆಯಲ್ಲಿ ಗೆರೆ ಎಳೆದರೂ ಒಲೆಗೆ ಗೆರೆ ಎಳೆಯಲಾಗಲಿಲ್ಲ. ಬೀದರ, ಕಲಬುರಗಿಯಲ್ಲಿ ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಭಜ್ಜಿ, ಅಂಬಲಿ ಉಣ್ಣುವ ದಿನವೇ ಲಾತೂರ್ ಜಿಲ್ಲೆಯಲ್ಲೂ ಯೆಳವಸ ಎಂದು ಊರಿಗೆ ಊರೇ ಹೊಲಕ್ಕೆ ಹೊರಡುತ್ತದೆ.

ಈ ಭೂಮಿಯ ಬೆಳೆಗಳನ್ನು ಒಂದೊಂದಾಗಿ ನೋಡಿದರೆ ಗ್ರನೋಲಾದ ಪಟ್ಟಿ ತಾನೇ ತಯಾರಾಗುತ್ತದೆ. ಮೊದಲು ಹಿಂಗಾರಿನ ಬಿಳಿಜೋಳ. ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತಿದರೆ ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆದು ಫೆಬ್ರುವರಿ, ಮಾರ್ಚಿಗೆ ಕೊಯ್ಲಿಗೆ ಬರುವ ಬೆಳೆ ಅದು. ಸೋಲಾಪುರದ ಮೋಹೋಳ ಕೇಂದ್ರದಲ್ಲಿ ಆಯ್ಕೆಮಾಡಿದ ಮಾಲದಂಡಿ 35-1 ತಳಿ ಇಂದಿಗೂ ಮರಾಠವಾಡದಿಂದ ವಿಜಯಪುರ, ಕಲಬುರಗಿಯವರೆಗೆ ರೊಟ್ಟಿಯ ಜೋಳವಾಗಿ ಹೆಸರು ಉಳಿಸಿಕೊಂಡಿದೆ. ಆಮೇಲೆ ಶೇಂಗಾ, ಎಳ್ಳು, ಅಗಸಿ, ಗುರೆಳ್ಳು. ಜೊತೆಗೆ ಕುಸುಬಿ, ಇಲ್ಲಿನವರ ಬಾಯಲ್ಲಿ ಕರಡಿ. ಭಾರತದ ಕುಸುಬಿಯ ಬಹುಪಾಲು ಬೆಳೆಯುವುದು ಮರಾಠವಾಡ, ಸೋಲಾಪುರ, ಉತ್ತರ ಕರ್ನಾಟಕ ಸೇರಿದ ಈ ಪಟ್ಟಿಯಲ್ಲೇ. ಲಾತೂರ್ ಬೇಳೆ ಗಿರಣಿಗಳ ಊರು. ನಿಲಂಗಾ ತಾಲ್ಲೂಕಿನ ಬೋರಸುರಿಯ ತೊಗರಿಬೇಳೆಗೂ ಪಾನಚಿಂಚೋಳಿಯ ಹುಣಸೆಗೂ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂದಿದೆ. ಅವೆರಡೂ ಗ್ರನೋಲಾಕ್ಕೆ ಬೇಡ. ಆದರೆ ಕಡಲೆ ಹುರಿದು ಮಾಡಿದ ಪುಟಾಣಿ ಖಂಡಿತ ಬೇಕು. ಬಾದಾಮಿ ಕೊಳ್ಳುವುದು ಕಷ್ಟವಾದ ಮನೆಯಲ್ಲಿ ಗರಿಗರಿಯನ್ನೂ ಪ್ರೋಟೀನನ್ನೂ ಕಡಿಮೆ ಖರ್ಚಿನಲ್ಲಿ ಕೊಡುವುದು ಪುಟಾಣಿಯೇ.

ಓಟ್ಸ್ ಮಾತ್ರ ಈ ನೆಲದ್ದಲ್ಲ. ನಮ್ಮ ಅಂಗಡಿಗಳಿಗೆ ಬರುವ ಓಟ್ಸಿನ ದೊಡ್ಡ ಪಾಲು ಆಸ್ಟ್ರೇಲಿಯಾದಿಂದ ಬರುತ್ತದೆ. ಅದಕ್ಕೊಂದು ಒಳ್ಳೆಯ ಗುಣವಿದೆ: ಬೀಟಾ-ಗ್ಲೂಕನ್ ಎಂಬ ಕರಗುವ ನಾರು ರಕ್ತದ ಕೊಲೆಸ್ಟರಾಲ್ ತಗ್ಗಿಸಲು ನೆರವಾಗುತ್ತದೆ. ಆ ವಿಷಯದಲ್ಲಿ ಜೋಳ ಓಟ್ಸಿಗೆ ಸಮನಲ್ಲ. ಜೋಳದ ಬಲ ಬೇರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಸುಮಾರು 10 ಗ್ರಾಂ ನಾರು ಇದೆ. ಗ್ಲುಟೆನ್ ಇಲ್ಲವೇ ಇಲ್ಲ. ಹೈದರಾಬಾದಿನಲ್ಲೇ ಇರುವ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆ ಜೋಳದ ಅವಲಕ್ಕಿ ತಯಾರಿಸುವ ಬಗೆಯನ್ನು ರೂಪಿಸಿದ ಮೇಲೆ ಅದು ಪ್ಯಾಕೆಟ್ಟಿನಲ್ಲಿ ಸುಲಭವಾಗಿ ಸಿಗುತ್ತಿದೆ. ಗ್ರನೋಲಾದಲ್ಲಿ ಓಟ್ಸಿನ ಜಾಗ ತುಂಬಲು ಈ ಅವಲಕ್ಕಿ, ಅದರ ಜೊತೆಗೆ ಮನೆಯಲ್ಲೇ ಹುರಿದ ಅರಳು ಸಾಕು. ಬೇಕಿದ್ದರೆ ಓಟ್ಸ್, ಜೋಳದ ಅವಲಕ್ಕಿ ಎರಡನ್ನೂ ಅರ್ಧರ್ಧ ಬಳಸಿ ಓಟ್ಸಿನ ಗುಣವನ್ನೂ ಉಳಿಸಿಕೊಳ್ಳಬಹುದು.

ಅರಳು ಹೇಗೆ ಅರಳುತ್ತದೆ

ಪಂಚಮಿಗೆ ಮೊದಲು ಅರಳು ಹುರಿಯುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರೊಳಗೊಂದು ಪೂರ್ಣ ವಿಜ್ಞಾನ ಕಾಣುತ್ತದೆ. ಜೋಳವನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಬಸಿದು, ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿಯಿಡೀ ಇಡುತ್ತಾರೆ. ಮರುದಿನ ನೆರಳಲ್ಲಿ ಹರಡಿ ಆರಿಸುತ್ತಾರೆ. ಬಿಸಿಲಿಗೆ ಹಾಕುವುದಿಲ್ಲ. ಸಿಪ್ಪೆ ಒಣಗಿರಬೇಕು, ಒಳಗೆ ಮಾತ್ರ ಹದವಾದ ತೇವ ಉಳಿದಿರಬೇಕು. ಕಬ್ಬಿಣದ ಬಾಣಲಿ ಚೆನ್ನಾಗಿ ಕಾದ ಮೇಲೆ ಒಂದೇ ಹಿಡಿ ಕಾಳು ಹಾಕಿ, ಕೋಲಿನ ತುದಿಗೆ ಕಟ್ಟಿದ ಬಟ್ಟೆಯಿಂದ ಬಾಣಲಿಯ ತುಂಬ ಆಡಿಸುತ್ತಾರೆ. ಕ್ಷಣದಲ್ಲಿ ಚಟಚಟ ಸದ್ದು, ಬಾಣಲಿ ತುಂಬ ಬಿಳಿ ಅರಳು. ಕೂಡಲೇ ಬುಟ್ಟಿಗೆ ಸುರಿದು ಮುಂದಿನ ಹಿಡಿ ಹಾಕುತ್ತಾರೆ.

ಒಳಗೆ ನಡೆಯುವುದು ಇಷ್ಟು. ಕಾಳಿನಲ್ಲಿ ಶೇಕಡ 13-14ರಷ್ಟು ನೀರಿರುತ್ತದೆ. ಸುಮಾರು 180 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಆ ನೀರು ಆವಿಯಾಗಿ ಸಿಪ್ಪೆಯನ್ನು ಒಳಗಿನಿಂದ ಒತ್ತುತ್ತದೆ. ಸಿಪ್ಪೆ ಒಡೆದ ಗಳಿಗೆಯಲ್ಲಿ ಮೆತ್ತಗಾಗಿದ್ದ ಪಿಷ್ಟ ನೊರೆಯಂತೆ ಉಬ್ಬಿ, ನೀರು ಹಾರಿಹೋಗಿ, ಅಲ್ಲೇ ಗಟ್ಟಿಯಾಗುತ್ತದೆ. ನೀರು ಕಡಿಮೆಯಿದ್ದರೆ ಒತ್ತಡ ಸಾಲದೆ ಕಾಳು ಕರಿದಾಗುತ್ತದೆ. ಹೆಚ್ಚಿದ್ದರೆ ಸಿಪ್ಪೆ ಬೇಗ ಬಿರಿದು ಅರಳು ಸಣ್ಣದಾಗುತ್ತದೆ. ರಾತ್ರಿ ಗಂಟು ಕಟ್ಟಿಡುವುದು ಇದೇ ಹದಕ್ಕಾಗಿ. ಅರಳದೆ ಉಳಿದ ಕಾಳನ್ನು ಜರಡಿ ಹಿಡಿದು ಬೇರೆ ಮಾಡಬೇಕು. ಗ್ರನೋಲಾದಲ್ಲಿ ಅಂಥ ಒಂದು ಕಾಳು ಸಿಕ್ಕರೂ ಹಲ್ಲಿಗೆ ಪೆಟ್ಟು.

ಗರಿಗರಿ ಎಂದರೆ ನೀರಿನ ಲೆಕ್ಕ

ಚೆನ್ನಾಗಿ ಹುರಿದ ಗ್ರನೋಲಾದಲ್ಲಿ ಉಳಿಯುವ ನೀರು ಶೇಕಡ 2-3 ಮಾತ್ರ. ಅದರ ಮೇಲಿನ ಬೆಲ್ಲದ ತೆಳುಪದರ ಆರಿದಾಗ ಗಾಜಿನ ಸ್ಥಿತಿಗೆ ಬರುತ್ತದೆ, ಅಂದರೆ ಬಾಗುವುದಿಲ್ಲ, ಕಟಕ್ಕನೆ ಮುರಿಯುತ್ತದೆ. ನಮ್ಮ ಕಿವಿಗೆ ಕೇಳುವ ಗರಿಗರಿ ಸದ್ದು ಆ ಮುರಿತದ್ದು. ಗಾಳಿಯಿಂದ ಸ್ವಲ್ಪ ತೇವ ಎಳೆದುಕೊಂಡರೂ ಆ ಗಾಜು ಮೆತ್ತಗಾಗಿ ಅಂಟಂಟಾಗುತ್ತದೆ. ಆಹಾರ ವಿಜ್ಞಾನಿಗಳು ಇದನ್ನು ನೀರಿನ ಸಕ್ರಿಯತೆ ಎಂಬ ಅಳತೆಯಿಂದ ಹೇಳುತ್ತಾರೆ. ಸೊನ್ನೆಯಿಂದ ಒಂದರವರೆಗಿನ ಆ ಅಳತೆಯಲ್ಲಿ 0.4ರ ಆಸುಪಾಸು ದಾಟಿದರೆ ಹುರಿದ ಧಾನ್ಯ ಗರಿ ಕಳೆದುಕೊಳ್ಳುತ್ತದೆ.

ಸಿಹಿ ಯಾವುದು ಎಂಬುದೂ ಇಲ್ಲಿ ಮುಖ್ಯ. ಜೇನಿನಲ್ಲಿ ಫ್ರಕ್ಟೋಸ್ ಹೆಚ್ಚು, ಅದು ಗಾಳಿಯ ತೇವವನ್ನು ಬೇಗ ಹೀರುತ್ತದೆ. ಬೆಲ್ಲದಲ್ಲೂ ಗ್ಲೂಕೋಸ್, ಫ್ರಕ್ಟೋಸ್ ಮತ್ತು ಖನಿಜಗಳು ಇರುವುದರಿಂದ ಮಳೆಗಾಲದಲ್ಲಿ ಅದು ಹಸಿಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಬಿಳಿ ಸಕ್ಕರೆ ಈ ವಿಷಯದಲ್ಲಿ ಗಟ್ಟಿ. ಹಾಗಾಗಿ ಚಳಿಗಾಲ, ಬೇಸಿಗೆಯಲ್ಲಿ ಪೂರ್ತಿ ಬೆಲ್ಲ ಬಳಸಿ. ಶ್ರಾವಣದ ತಂಪಿನಲ್ಲಿ ನಾಲ್ಕರಲ್ಲಿ ಒಂದು ಪಾಲು ಸಕ್ಕರೆಯಾದರೆ ಗರಿ ಹೆಚ್ಚು ದಿನ ಉಳಿಯುತ್ತದೆ.

ಎಣ್ಣೆಯ ಕೆಲಸವೂ ಸಣ್ಣದಲ್ಲ. ಅದು ಬಿಸಿಯನ್ನು ಎಲ್ಲ ಕಡೆ ಸಮನಾಗಿ ಒಯ್ಯುತ್ತದೆ, ಪ್ರತಿ ಚೂರಿಗೂ ತೆಳುಪದರ ಕೊಟ್ಟು ತೇವವನ್ನು ತಡೆಯುತ್ತದೆ. ಗಾಣದ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಎರಡೂ ಒಪ್ಪುತ್ತವೆ. ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಹೆಚ್ಚಿರುವುದರಿಂದ ಅದು ಶೇಂಗಾ ಎಣ್ಣೆಗಿಂತ ಬೇಗ ಕಮಟು ವಾಸನೆ ಹಿಡಿಯುತ್ತದೆ. ಎರಡು ವಾರದಲ್ಲಿ ಮುಗಿಯುವಷ್ಟೇ ಮಾಡುವಾಗ ಕುಸುಬಿ ಬಳಸಿ, ತಿಂಗಳ ಮಟ್ಟಿಗೆ ಇಡುವುದಾದರೆ ಶೇಂಗಾ ಎಣ್ಣೆ ಇರಲಿ.

ಓವನ್ ಇರುವ ಮನೆಗೆ

ದಪ್ಪ ಜೋಳದ ಅವಲಕ್ಕಿ 200 ಗ್ರಾಂ, ಅರಳು 50 ಗ್ರಾಂ, ಶೇಂಗಾ 75 ಗ್ರಾಂ, ಬಾದಾಮಿ, ಗೋಡಂಬಿ ಮತ್ತು ಪುಟಾಣಿ ಸೇರಿ 75 ಗ್ರಾಂ, ಎಳ್ಳು ಎರಡು ದೊಡ್ಡ ಚಮಚ, ಅಗಸಿ ಒಂದು ದೊಡ್ಡ ಚಮಚ. ಸಿಹಿಗೆ ಪುಡಿಮಾಡಿದ ಬೆಲ್ಲ 100 ಗ್ರಾಂ, ಎಣ್ಣೆ ನಾಲ್ಕು ದೊಡ್ಡ ಚಮಚ, ನೀರು ಎರಡು ದೊಡ್ಡ ಚಮಚ, ಅರ್ಧ ಸಣ್ಣ ಚಮಚ ಉಪ್ಪು, ಏಲಕ್ಕಿ ಪುಡಿ, ಒಣಶುಂಠಿ ಪುಡಿ. ಉಪ್ಪನ್ನು ಬಿಡಬೇಡಿ. ಅದಿಲ್ಲದಿದ್ದರೆ ಬೆಲ್ಲ ಬರೀ ಸಿಹಿಯಾಗಿ ನಿಲ್ಲುತ್ತದೆ.

ಬೆಲ್ಲ, ನೀರು, ಎಣ್ಣೆಯನ್ನು ಸಣ್ಣ ಉರಿಯಲ್ಲಿ ಕರಗುವವರೆಗೆ ಮಾತ್ರ ಕಾಯಿಸಿ, ಕಸವಿದ್ದರೆ ಸೋಸಿ. ಇಲ್ಲಿ ಪಾಕ ಬರಿಸುವ ಅಗತ್ಯವಿಲ್ಲ, ಉಳಿದ ನೀರನ್ನು ಓವನ್ನೇ ಒಣಗಿಸುತ್ತದೆ. ಅವಲಕ್ಕಿ, ಕಾಯಿಬೀಜಗಳಿಗೆ ಈ ರಸ ಹಾಕಿ ಪ್ರತಿ ಚೂರಿಗೂ ತಗಲುವಂತೆ ಕಲಸಿ. ಅರಳನ್ನು ಕೊನೆಗೆ ಹಗುರವಾಗಿ ಬೆರೆಸಿ. ಅದು ನೊರೆಯಂಥ ವಸ್ತುವಾದ್ದರಿಂದ ಮೊದಲೇ ಹಾಕಿದರೆ ರಸವನ್ನೆಲ್ಲ ತಾನೇ ಕುಡಿಯುತ್ತದೆ. ಬೆಣ್ಣೆ ಕಾಗದ ಹಾಸಿದ ತಟ್ಟೆಯಲ್ಲಿ ಬೆರಳಿನ ದಪ್ಪಕ್ಕೆ ಹರಡಿ, ಚಪ್ಪಟೆ ತಳದ ವಾಟಿಯಿಂದ ಗಟ್ಟಿಯಾಗಿ ಒತ್ತಿ.

ಓವನ್ 150 ಡಿಗ್ರಿ ಸೆಲ್ಸಿಯಸ್‌ಗೆ ಕಾದಿರಲಿ. ಇದಕ್ಕಿಂತ ಬಿಸಿ ಹೆಚ್ಚಾದರೆ ಒಳಗೆ ಒಣಗುವ ಮೊದಲೇ ಬೆಲ್ಲ ಕಪ್ಪಾಗಿ ಕಹಿಯಾಗುತ್ತದೆ. ಹದಿನೈದು ನಿಮಿಷದ ಮೇಲೆ ತಟ್ಟೆಯನ್ನು ತಿರುಗಿಸಿ ಇಡಿ, ಇಪ್ಪತ್ತು ನಿಮಿಷದಿಂದ ಬಣ್ಣದ ಮೇಲೆ ಕಣ್ಣಿರಲಿ. ಅಂಚು ಗೋಧಿ ಬಣ್ಣ ದಾಟಿ ಕೆಂಪಗಾಗಿ, ಹುರಿದ ಶೇಂಗಾದ ಘಮ ಬಂದಾಗ ತೆಗೆಯಿರಿ. ಜೋಳದ ಅವಲಕ್ಕಿಗೆ 25 ನಿಮಿಷದ ಸುತ್ತ, ಓಟ್ಸಿಗೆ 30-35 ನಿಮಿಷ ಹಿಡಿಯುತ್ತದೆ. ಬಿಡಿಬಿಡಿಯಾಗಿ ಬೇಕಿದ್ದರೆ ನಡುವೆ ಕೈಯಾಡಿಸಿ. ದೊಡ್ಡ ಗಂಟುಗಳು ಬೇಕಿದ್ದರೆ ಮುಟ್ಟಲೇಬೇಡಿ.

ಹೊರಗೆ ತೆಗೆದಾಗ ಅದು ಮೆತ್ತಗೇ ಇರುತ್ತದೆ. ಹಲವರು ಇಲ್ಲಿ ಗಾಬರಿಯಾಗಿ ಮತ್ತೆ ಒಳಗಿಟ್ಟು ಸುಡುತ್ತಾರೆ. ಬೆಲ್ಲ ಬಿಸಿಯಲ್ಲಿ ದ್ರವ, ಆರಿದ ಮೇಲೆ ಗಾಜು. ತಟ್ಟೆಯಲ್ಲೇ ಒಂದು ತಾಸು ಬಿಟ್ಟು, ಪೂರ್ತಿ ತಣ್ಣಗಾದ ಮೇಲೆ ಕೈಯಿಂದ ಮುರಿಯಿರಿ.

ಓವನ್ ಇಲ್ಲದ ಮನೆಗೆ

ಗಡಿಭಾಗದ ಬಹುಪಾಲು ಅಡುಗೆಮನೆಗಳಲ್ಲಿ ಓವನ್ ಇಲ್ಲ. ಅದರಿಂದ ನಷ್ಟವೇನೂ ಇಲ್ಲ, ಏಕೆಂದರೆ ಚಿಕ್ಕಿ ಮಾಡಲು ಬಲ್ಲವರಿಗೆ ಗ್ರನೋಲಾ ಮಾಡಲು ಬಂದೇ ಬರುತ್ತದೆ. ಇಲ್ಲಿ ಕ್ರಮ ಉಲ್ಟಾ ಆಗುತ್ತದೆ. ಓವನ್ನಿನಲ್ಲಿ ಧಾನ್ಯ, ಸಿಹಿ ಎರಡೂ ಒಟ್ಟಿಗೆ ಒಣಗಿದರೆ, ಒಲೆಯ ಮೇಲೆ ಧಾನ್ಯವನ್ನು ಬೇರೆ ಒಣಗಿಸಿ, ಬೆಲ್ಲದ ನೀರನ್ನು ಬೇರೆ ಹೊರಹಾಕಿ, ಕೊನೆಗೆ ಎರಡನ್ನೂ ಕೂಡಿಸಬೇಕು.

ಪ್ರತಿಯೊಂದನ್ನೂ ಪ್ರತ್ಯೇಕ ಹುರಿಯಿರಿ. ಶೇಂಗಾ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ, ತಿಕ್ಕಿದರೆ ಸಿಪ್ಪೆ ಬಿಡುವವರೆಗೆ. ಬಾದಾಮಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಜೋಳದ ಅವಲಕ್ಕಿ ಕೈಯಲ್ಲಿ ಹಿಸುಕಿದರೆ ಪುಡಿಯಾಗಬೇಕು. ಎಳ್ಳು ಚಟಗುಟ್ಟಿದ ಕೂಡಲೇ ಇಳಿಸಬೇಕು. ಒಟ್ಟಿಗೆ ಹಾಕಿದರೆ ಎಳ್ಳು ಸುಡುವ ಹೊತ್ತಿಗೆ ಶೇಂಗಾ ಹಸಿಯಾಗಿಯೇ ಇರುತ್ತದೆ. ಬಾಣಂತಿಯ ಉಂಡಿಗೆ ಬಳಸುವ ತಿನ್ನುವ ಅಂಟು ಮನೆಯಲ್ಲಿದ್ದರೆ ಒಂದು ಚಮಚ ತುಪ್ಪದಲ್ಲಿ ಅರಳಿಸಿ, ಒರಟಾಗಿ ಕುಟ್ಟಿ ಸೇರಿಸಿ. ಗೋಕಾಕ, ಅಮೀನಗಡದ ಕರದಂಟಿಗೆ ಹೆಸರು ತಂದ ಆ ಅಂಟು ಗ್ರನೋಲಾಕ್ಕೂ ಬೇರೆಯದೇ ಗರಿ ಕೊಡುತ್ತದೆ. ಅಂಗಡಿಯ ಯಾವ ಪ್ಯಾಕೆಟ್ಟಿನಲ್ಲೂ ಅದು ಸಿಗದು.

ಹುರಿದ ಸಾಮಾನು ಒಟ್ಟು 400 ಗ್ರಾಂ ಇದ್ದರೆ ಬೆಲ್ಲ 150 ಗ್ರಾಂ, ತುಪ್ಪ ಎರಡು ಸಣ್ಣ ಚಮಚ, ನೀರು ಎರಡು ದೊಡ್ಡ ಚಮಚ. ಬೆಲ್ಲ ಕರಗಿ, ನೊರೆ ಎದ್ದು, ನೊರೆ ದಟ್ಟವಾಗಿ ಬಣ್ಣ ಗಾಢವಾಗುತ್ತ ಹೋಗುತ್ತದೆ. ಈ ಹೊತ್ತಿಗೆ ಒಲೆಯ ಮುಂದೆ ಅತ್ತೆ ಸೊಸೆಯರ ನಡುವೆ ನಡೆಯುವ ಮಾತು ಪ್ರತಿ ಮನೆಯಲ್ಲೂ ಒಂದೇ.

“ಅತ್ತೀ, ಪಾಕ ಬಂದದೇನು ನೋಡ್ರಿ.”

“ನೀರಾಗ ಒಂದು ಹನಿ ಬಿಡವ್ವ. ಇನ್ನಾ ಮೆತ್ತಗ ಅದ. ತಾಟಿನ ಮ್ಯಾಲ ಬಿದ್ದರ ಟಣ್ ಅನಬೇಕು.”

ತಣ್ಣೀರಿನ ವಾಟಿಯಲ್ಲಿ ಬಿಟ್ಟ ಹನಿ ಮೊದಲು ಕರಗಿ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಬೆರಳಲ್ಲಿ ಮೆತ್ತನೆ ಉಂಡೆಯಾಗುತ್ತದೆ, ಪಾಕದ ಬಿಸಿ ಆಗ 115 ಡಿಗ್ರಿ ಸುತ್ತ. ಮುಂದೆ ಗಟ್ಟಿ ಉಂಡೆ, 125 ಡಿಗ್ರಿ ಸುತ್ತ. ಕೊನೆಗೆ ನೀರಿನಿಂದ ತೆಗೆದು ತಾಟಿಗೆ ಬಡಿದರೆ ಟಣ್ ಎನ್ನುತ್ತದೆ, ಬಾಗಿಸಿದರೆ ಕಟ್ಟನೆ ಮುರಿಯುತ್ತದೆ, ಆಗ 150 ಡಿಗ್ರಿ ಹತ್ತಿರ. ಕುದಿಯುವ ನೀರು 100 ಡಿಗ್ರಿ ದಾಟದು. ಪಾಕದ ಬಿಸಿ ಏರುತ್ತಿದೆ ಎಂದರೆ ಅದರಲ್ಲಿನ ನೀರು ಇಳಿಯುತ್ತಿದೆ ಎಂದರ್ಥ. ಟಣ್ ಎಂಬ ಸದ್ದು ಕೇಳಿದಾಗ ಪಾಕದಲ್ಲಿ ಉಳಿದಿರುವ ನೀರು ಶೇಕಡ ಒಂದರ ಆಸುಪಾಸು. ಥರ್ಮಾಮೀಟರ್ ಇಲ್ಲದೆ ಕಿವಿಯಿಂದಲೇ ನೀರನ್ನು ಅಳೆಯುವ ಈ ವಿದ್ಯೆ ತಲೆಮಾರುಗಳಿಂದ ಬಂದದ್ದು, ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಬೇಕು.

ಸದ್ದು ಬಂದ ಕೂಡಲೇ ಒಲೆ ಆರಿಸಿ, ಚಿಟಿಕೆ ಅಡುಗೆ ಸೋಡಾ ಹಾಕಿ. ಪಾಕ ಉಬ್ಬಿ ಒಳಗೆ ಗುಳ್ಳೆಗಳಾಗುತ್ತವೆ, ಆರಿದ ಮೇಲೆ ಹಲ್ಲಿಗೆ ಹಗುರ. ಹುರಿದದ್ದನ್ನೆಲ್ಲ ಸುರಿದು ಬೇಗ ಬೇಗ ತಿರುವಿ, ತುಪ್ಪ ಸವರಿದ ತಾಟಿನಲ್ಲಿ ಹರಡಿ. ಬಿಸಿ ಪಾಕ ಕೈಗೆ ತಗಲಿದರೆ ಕುದಿನೀರಿಗಿಂತ ಕೆಟ್ಟ ಸುಟ್ಟಗಾಯ ಆಗುತ್ತದೆ, ಮಕ್ಕಳನ್ನು ದೂರವಿಡಿ. ಆರಿದ ಮೇಲೆ ಮುರಿದರೆ ಒಲೆಯ ಗ್ರನೋಲಾ ಸಿದ್ಧ.

ಒಣಹಣ್ಣಿಗೆ ಕೊನೆಯ ಸರದಿ

ಒಣದ್ರಾಕ್ಷಿ ನೋಡಲು ಒಣಗಿದ್ದರೂ ಅದರಲ್ಲಿ ಶೇಕಡ 15ರಷ್ಟು ನೀರು ಇರುತ್ತದೆ. ಒಲೆಗೆ ಹಾಕಿದರೆ ಅದು ಕಲ್ಲಾಗುತ್ತದೆ, ಕಹಿಯಾಗುತ್ತದೆ. ಬಿಸಿ ಗ್ರನೋಲಾದ ಜೊತೆ ಡಬ್ಬಿಗೆ ಹಾಕಿದರೆ ತನ್ನ ನೀರನ್ನು ಅವಲಕ್ಕಿಗೆ ಕೊಟ್ಟು ತಾನು ಬಿರುಸಾಗಿ, ಅವಲಕ್ಕಿಯನ್ನು ಮೆತ್ತಗೆ ಮಾಡುತ್ತದೆ. ಒಂದೇ ಡಬ್ಬಿಯಲ್ಲಿ ತೇವವು ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ ಹರಿದೇ ಹರಿಯುತ್ತದೆ. ಅದಕ್ಕೆ ಹಣ್ಣು ಸೇರಬೇಕಾದ್ದು ಎಲ್ಲ ತಣ್ಣಗಾದ ಮೇಲೆ. ಹೆಚ್ಚು ದಿನ ಇಡುವುದಾದರೆ ಹಣ್ಣಿನ ಡಬ್ಬಿಯೇ ಬೇರೆ ಇರಲಿ, ಬಟ್ಟಲಿಗೆ ಹಾಕಿಕೊಳ್ಳುವಾಗ ಬೆರೆಸಿದರಾಯಿತು.

ಹಣ್ಣಿಗೆ ದೂರ ಹೋಗಬೇಕಿಲ್ಲ. ಭಾರತದ ಒಣದ್ರಾಕ್ಷಿಯ ಮುಖ್ಯ ಕೇಂದ್ರಗಳು ನಮ್ಮ ಸುತ್ತಲೇ ಇವೆ: ಸಾಂಗ್ಲಿಯ ತಾಸಗಾಂವ್, ಸೋಲಾಪುರ, ವಿಜಯಪುರ. ಬೀಜವಿಲ್ಲದ ದ್ರಾಕ್ಷಿಯನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನ ಚಪ್ಪರದಲ್ಲಿ ಬಲೆಗಳ ಮೇಲೆ ಹರಡಿ ಎರಡು ವಾರ ಒಣಗಿಸುತ್ತಾರೆ. ಕಾಯಿಯ ಮೇಲಿನ ಮೇಣದ ಪದರ ಸಡಿಲಾಗಿ ನೀರು ಬೇಗ ಆರಲಿ ಎಂದು ಹೀಗೆ. ಮನೆಗೆ ತಂದ ಒಣದ್ರಾಕ್ಷಿಯನ್ನು ತೊಳೆದರೆ ಪೂರ್ತಿ ಆರಿಸಿಯೇ ಬಳಸಿ. ಖರ್ಜೂರ ತೇವದ ಹಣ್ಣು, ಗ್ರನೋಲಾಕ್ಕೆ ಉತ್ತತ್ತಿ ಮೇಲು. ಬೀಜ ತೆಗೆದು ಅಡಿಕೆ ಕತ್ತರಿಯಿಂದ ತೆಳ್ಳಗೆ ಕತ್ತರಿಸಿದರೆ ಗರಿಯೂ ಉಳಿಯುತ್ತದೆ, ಸಿಹಿಯೂ ಸಿಗುತ್ತದೆ. ಹೊಲದ ಬದುವಿನ ಬಾರಿಹಣ್ಣನ್ನು ಒಣಗಿಸಿಟ್ಟಿದ್ದರೆ ಬೀಜ ಬಿಡಿಸಿ ಸೇರಿಸಿ. ಬೆಲ್ಲದ ಸಿಹಿಗೆ ಅದರ ಹುಳಿ ಸರಿಯಾದ ಜೋಡಿ. ಕೊಬ್ರಿಯ ತೆಳು ಎಸಳುಗಳನ್ನು ಒಂದೇ ನಿಮಿಷ ಬಾಡಿಸಿ ಹಾಕಿದರೆ ಸಾಕು.

ಡಬ್ಬಿಯ ಶಿಸ್ತು

ಬಿಗಿ ಮುಚ್ಚಳದ ಗಾಜಿನ ಅಥವಾ ಸ್ಟೀಲ್ ಡಬ್ಬಿ, ಒದ್ದೆ ತಗಲದ ಚಮಚ, ಒಲೆಯಿಂದ ದೂರದ ಜಾಗ. ಈ ಮೂರು ಇದ್ದರೆ ಬೇಸಿಗೆಯಲ್ಲಿ ತಿಂಗಳವರೆಗೆ ಗರಿ ಇರುತ್ತದೆ. ಮರಾಠವಾಡದ ಒಣಹವೆ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಮಳೆಗಾಲದಲ್ಲಿ ವಾರಕ್ಕೆ ಆಗುವಷ್ಟೇ ಮಾಡಿ. ಮೆತ್ತಗಾದರೆ ಹಣ್ಣು ಆರಿಸಿ ತೆಗೆದು, ಉಳಿದದ್ದನ್ನು 130 ಡಿಗ್ರಿಯಲ್ಲಿ ಹತ್ತು ನಿಮಿಷ ಅಥವಾ ಬಾಣಲಿಯಲ್ಲಿ ಸಣ್ಣ ಉರಿಗೆ ಬೆಚ್ಚಗೆ ಮಾಡಿ ಆರಿಸಿದರೆ ಗರಿ ಮರಳುತ್ತದೆ.

ಕೆಲವು ಮಾತು ನಿಷ್ಠುರವಾಗಿ ಹೇಳಲೇಬೇಕು. ಶೇಂಗಾವನ್ನು ಒಂದೊಂದಾಗಿ ಆರಿಸಿ. ಸುಕ್ಕಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಯಕೃತ್ತಿಗೆ ಅಪಾಯ, ಹುರಿದರೂ ಪೂರ್ತಿ ಹೋಗುವುದಿಲ್ಲ. ವರ್ಷ ತುಂಬದ ಮಗುವಿಗೆ ಜೇನು ಬೇಡ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಾಯಿಬೀಜ ಗಂಟಲಿಗೆ ಸಿಕ್ಕುವ ಭಯವಿದೆ, ಪುಡಿಮಾಡಿ ಕೊಡಿ. ಬೆಲ್ಲವೂ ಸಕ್ಕರೆಯೇ. 100 ಗ್ರಾಂ ಗ್ರನೋಲಾದಲ್ಲಿ 450ರ ಮೇಲೆ ಕ್ಯಾಲೊರಿ ಇರುತ್ತದೆ. ಹೊತ್ತಿಗೆ ಒಂದು ಹಿಡಿ, ಅಂದರೆ 40 ಗ್ರಾಂ, ಸಾಕು. ಸಕ್ಕರೆ ಕಾಯಿಲೆ ಇರುವವರು ಬೆಲ್ಲವನ್ನು ಅರ್ಧಕ್ಕಿಳಿಸಿ, ಒಣಹಣ್ಣು ಬಿಟ್ಟು, ಪುಟಾಣಿ ಮತ್ತು ಶೇಂಗಾ ಹೆಚ್ಚಿಸಿಕೊಳ್ಳಲಿ. ಹಾಲಿಗಿಂತ ಗಟ್ಟಿ ಮೊಸರು ಒಳ್ಳೆಯ ಜೋಡಿ, ಏಕೆಂದರೆ ಅದರಲ್ಲಿ ಗರಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಬಟ್ಟಲಿನಿಂದ ಹೊಲಕ್ಕೆ

ನಿಲಂಗಾದ ಬೆಳಗಿನ ತಿನಿಸೆಂದರೆ ಜಿಲ್ಲೆಗೆಲ್ಲ ಗೊತ್ತಿರುವುದು ಖಾರದ ನಿಲಂಗಾ ರೈಸ್. ಗ್ರನೋಲಾ ಅದರ ಜಾಗ ಕಿತ್ತುಕೊಳ್ಳಬೇಕಿಲ್ಲ. ಅದು ತುಂಬಬೇಕಾದ ಜಾಗ ಬೇರೆ ಇದೆ. ಲಾತೂರಿನ ಕೋಚಿಂಗ್ ತರಗತಿಗಳಿಗೆ ಸುತ್ತಲ ತಾಲ್ಲೂಕುಗಳಿಂದ ಹೋಗಿ ಹಾಸ್ಟೆಲಿನಲ್ಲಿ ಉಳಿಯುವ ಸಾವಿರಾರು ಮಕ್ಕಳು ಹಸಿವಾದಾಗ ಹರಿಯುವುದು ಬಿಸ್ಕೀಟು, ಕುರುಕಲು ಪೊಟ್ಟಣಗಳನ್ನು. ಅವರಿಗೆ ಊರಿನಿಂದ ತಿಂಗಳಿಗೊಂದು ಡಬ್ಬಿ ಜೋಳದ ಗ್ರನೋಲಾ ಹೋದರೆ ಹೊಟ್ಟೆಗೂ ಓದಿಗೂ ಆಧಾರ. ಉಂಡಿ, ಚಿಕ್ಕಿ ಮಾಡಿ ಮಾರುವ ಮಹಿಳಾ ಬಚತ್ ಗಟಗಳಿಗೆ, ಅಂದರೆ ಸ್ವಸಹಾಯ ಗುಂಪುಗಳಿಗೆ, ಇದಕ್ಕಾಗಿ ಹೊಸ ಯಂತ್ರ ಬೇಡ. ಅದೇ ಬಾಣಲಿ, ಅದೇ ಪಾಕ ಸಾಕು. ಪ್ಯಾಕೆಟ್ಟಿನಲ್ಲಿ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಬೇಕು, ಶೇಂಗಾ, ಎಳ್ಳು ಇರುವುದನ್ನು ಮೇಲೆ ಬರೆಯಬೇಕು.

ಇದರಾಚೆಗೂ ಒಂದು ಲೆಕ್ಕವಿದೆ. ಈ ಭಾಗದ ಮುಂಗಾರಿನ ಹೊಲಗಳಲ್ಲಿ ಜೋಳದ ಜಾಗವನ್ನು ಸೋಯಾಬೀನ್ ಬಹುಮಟ್ಟಿಗೆ ತೆಗೆದುಕೊಂಡಿದೆ. ಸೋಯಾ ಕೈಗೆ ರೊಕ್ಕ ತರುತ್ತದೆ, ಆದರೆ ಮನೆಯ ಕಣಜಕ್ಕೆ ಕಾಳನ್ನೂ ಕೊಟ್ಟಿಗೆಗೆ ಮೇವನ್ನೂ ಒಟ್ಟಿಗೆ ಕೊಡುವುದು ಜೋಳ. ಉದಗೀರ, ದೇವಣಿ ಸೀಮೆಯ ಹೆಸರಾಂತ ದೇವಣಿ ತಳಿಯ ದನಗಳು ಬೇಸಿಗೆ ಕಳೆಯುವುದು ಜೋಳದ ಕಣಿಕೆಯ ಮೇಲೆ. ರೊಟ್ಟಿ ಬಡಿಯುವ ಕೈಗಳು ಕಡಿಮೆಯಾದಂತೆ ಜೋಳದ ಬೇಡಿಕೆಯೂ ಇಳಿಯುತ್ತಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಭಾಷಣಗಳು ಬಹಳ ಆದವು. ಬೆಳೆ ಉಳಿಯಬೇಕಾದರೆ ಅದು ಹೊಸ ತಲೆಮಾರಿನ ದಿನದ ಬಟ್ಟಲಿಗೆ ಬರಬೇಕು. ರೊಟ್ಟಿ ಮಾಡಲು ಬಾರದ, ಪುರಸೊತ್ತಿಲ್ಲದ ಹುಡುಗ ಹುಡುಗಿಯರೂ ದಿನಾ ತಿನ್ನಬಹುದಾದ ಜೋಳವೆಂದರೆ ಈ ಗ್ರನೋಲಾ.

ಹಾಗಾಗಿ ಈ ಸಲ ಪಂಚಮಿಗೆ ಅರಳು ಹುರಿಯುವಾಗ ಎರಡು ಸೇರು ಜೋಳ ಹೆಚ್ಚಿಗೆ ನೆನೆಸಿ. ಊರಿಗೆ ಬಂದ ಮಕ್ಕಳನ್ನು ಒಲೆಯ ಮುಂದೆ ಕೂರಿಸಿಕೊಂಡು, ಪಾಕದ ಹನಿ ತಾಟಿಗೆ ಬಿದ್ದಾಗಿನ ಸದ್ದನ್ನು ಅವರ ಕಿವಿಗೂ ಕಲಿಸಿ. ಆ ಸದ್ದು ಗೊತ್ತಾದವರು ಪುಣೆಯ ಬಾಡಿಗೆ ಕೋಣೆಯಲ್ಲೂ ತಮ್ಮ ಗ್ರನೋಲಾವನ್ನು ತಾವೇ ಮಾಡಿಕೊಳ್ಳುತ್ತಾರೆ, ಅದಕ್ಕೆ ಬೇಕಾದ ಜೋಳವನ್ನು ಊರಿನಿಂದಲೇ ತರಿಸಿಕೊಳ್ಳುತ್ತಾರೆ.